ಅರ್ಧ ಗಿಟಾರ್ ಅನ್ನುವವರಿಗೆ

ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್ ಒಂದೇ ಇರುವ ಎಲೆಕ್ಟ್ರಿಕ್ ಗಿಟಾರ್ ಅಂದರೆ ಅರ್ಧ ಗಿಟಾರ್ ಎಂಬ ಮಾತನ್ನು ಗೆಳೆಯರ ಬಾಯಲ್ಲಿ ಎಷ್ಟೋ ಸಲ ಕೇಳಿದ್ದೇನೆ. ವರ್ಷಗಳಿಂದ ಅಂಥದ್ದನ್ನೇ ನುಡಿಸುತ್ತಿರುವ ನನಗೆ ಇನ್ನು ಸುಮ್ಮನಿರಲು ಆಗುತ್ತಿಲ್ಲ.

ಅದು ಕಲಿಯುವ ಹುಡುಗರಿಗೆಂದು ಮಾಡಿದ ಅಗ್ಗದ ಮಾಲು ಎನ್ನುತ್ತಾರೆ. ಲೆಸ್ ಪಾಲ್ ಜೂನಿಯರ್ ಮಟ್ಟಿಗೆ ಒಪ್ಪಿದೆ. 1954ರಲ್ಲಿ ಗಿಬ್ಸನ್ ಅದನ್ನು ತಂದದ್ದೇ ವಿದ್ಯಾರ್ಥಿಗಳಿಗಾಗಿ: ಚಪ್ಪಟೆ ಮಹಾಗನಿ ಹಲಗೆ, ಬ್ರಿಡ್ಜ್ ಪಕ್ಕ ಒಂದು ಪಿ-90 ಪಿಕಪ್, ಬೆಲೆ ನೂರು ಡಾಲರಿನೊಳಗೆ. ಆದರೆ ಅದೇ ಜೂನಿಯರ್ ಹಿಡಿದು ಮೌಂಟನ್ ತಂಡದ ಲೆಸ್ಲಿ ವೆಸ್ಟ್ ರಾಕ್ ಸಂಗೀತದ ಅತಿ ದಪ್ಪ ನಾದಗಳಲ್ಲೊಂದನ್ನು ಹೊರಡಿಸಿದ. ಎಡ್ಡಿ ವ್ಯಾನ್ ಹೇಲನ್ ತಾನೇ ಜೋಡಿಸಿಕೊಂಡ ಗಿಟಾರಿನಲ್ಲಿ ಕೆಲಸ ಮಾಡುತ್ತಿದ್ದದ್ದು ಬ್ರಿಡ್ಜ್ ಬಳಿಯ ಒಂದೇ ಹಂಬಕರ್ ಪಿಕಪ್, ಒಂದೇ ವಾಲ್ಯೂಮ್ ನಾಬ್. ಅವನ ತಂಡದ 1978ರ ಮೊದಲ ಆಲ್ಬಮ್ ಕೇಳಿದವರು ಅದನ್ನು ಅರ್ಧ ಗಿಟಾರ್ ಅನ್ನಲಾರರು.

ಇನ್ನೊಂದು ಮಾತು, ಅದರಲ್ಲಿ ಬರುವುದು ಒಂದೇ ದನಿ ಎಂಬುದು. ಇದನ್ನು ನಾನು ಸುತರಾಂ ಒಪ್ಪುವುದಿಲ್ಲ. ವೀಣೆ ನುಡಿಸುವವರಿಗೆ ಗೊತ್ತು, ಮೀಟುವ ಜಾಗ ಕುದುರೆಯತ್ತ ಸರಿದಷ್ಟೂ ನಾದ ಚೂಪಾಗುತ್ತದೆ. ಗಿಟಾರಿನಲ್ಲೂ ಹಾಗೇ. ನನ್ನ ಜೂನಿಯರ್ ಮಾದರಿಯ ಗಿಟಾರಿನಲ್ಲಿ ವಾಲ್ಯೂಮ್ ಹತ್ತಕ್ಕಿಟ್ಟು, ಬ್ರಿಡ್ಜ್ ಪಕ್ಕದಲ್ಲೇ ಪಿಕ್ಕಿನಿಂದ ಹೊಡೆದರೆ ವಾಲ್ವ್ ಆಂಪ್ ಕಿರುಚುತ್ತದೆ. ಅದೇ ವಾಲ್ಯೂಮ್ ಆರಕ್ಕಿಳಿಸಿ, ಪಿಕ್ ಕೆಳಗಿಟ್ಟು, ಕೊನೆಯ ಫ್ರೆಟ್ಟಿನ ಮೇಲೆ ಹೆಬ್ಬೆರಳಿನ ಮಾಂಸದಿಂದ ಮೀಟಿದರೆ ಬಿರುಸೆಲ್ಲ ಕರಗಿ ದುಂಡಗಿನ ನಾದ ಬರುತ್ತದೆ. ಟೋನ್ ನಾಬನ್ನು ಅರ್ಧ ತಿರುಗಿಸಿದರೆ ಮತ್ತೊಂದು. ಆಂಪ್ ಮುಟ್ಟಿಲ್ಲ, ಪೆಡಲ್ ತುಳಿದಿಲ್ಲ. ಲಿಯೋ ಫೆಂಡರ್ 1950ರಲ್ಲಿ ತಂದ ಎಸ್ಕ್ವೈರ್‌ನಲ್ಲೂ ಪಿಕಪ್ ಒಂದೇ, ಆದರೆ ಸ್ವಿಚ್ಚಿಗೆ ಮೂರು ಸ್ಥಾನ: ಒಂದರಲ್ಲಿ ಟೋನ್ ನಾಬಿನ ಹಂಗೇ ಇಲ್ಲದ ನೇರ ದನಿ, ಒಂದರಲ್ಲಿ ನಾಬಿನ ಹತೋಟಿ, ಒಂದರಲ್ಲಿ ಮಂದ್ರದ ಮಬ್ಬು ದನಿ.

ಜಾಝ್‌ಗೆ ಆಗದು ಎಂಬವರಿಗೆ ಹೆಚ್ಚು ಹೇಳಬೇಕಿಲ್ಲ. 1939ರಲ್ಲಿ ಬೆನ್ನಿ ಗುಡ್‌ಮನ್ ತಂಡ ಸೇರಿದ ಚಾರ್ಲಿ ಕ್ರಿಶ್ಚಿಯನ್ ಎಲೆಕ್ಟ್ರಿಕ್ ಗಿಟಾರಿಗೆ ಜಾಝ್‌ನಲ್ಲಿ ಸೋಲೋ ವಾದ್ಯದ ಸ್ಥಾನ ಗಟ್ಟಿಮಾಡಿದ್ದು ಗಿಬ್ಸನ್ ಇಎಸ್-150ರಲ್ಲಿ. ಅದಕ್ಕಿದ್ದದ್ದು ನೆಕ್ ಕಡೆಯ ಒಂದೇ ಪಿಕಪ್.

ಎರಡಿರಲಿ, ಬೇಡವಾದರೆ ಒಂದನ್ನು ಆಫ್ ಮಾಡು, ನಷ್ಟವೇನು? ಎದುರಾಳಿಗಳ ಗಟ್ಟಿ ವಾದ ಇದೇ. ಆಫ್ ಮಾಡಿದರೂ ನೆಕ್ ಪಿಕಪ್ಪಿನ ಅಯಸ್ಕಾಂತ ತಂತಿಯನ್ನು ಎಳೆಯುತ್ತಲೇ ಇರುತ್ತದೆ ಎಂದು ನಮ್ಮ ಕಡೆಯವರು ಉತ್ತರಿಸುವುದುಂಟು. ಮಾತು ಸರಿ, ಆದರೆ ಪಿಕಪ್ಪನ್ನು ತಂತಿಯಿಂದ ತಕ್ಕಷ್ಟು ಕೆಳಗಿಟ್ಟರೆ ಆ ವ್ಯತ್ಯಾಸ ತೀರಾ ಸಣ್ಣದು. ಅದನ್ನೇ ನೆಚ್ಚಿ ವಾದ ಮಾಡಲು ನನಗೆ ಮನಸ್ಸಿಲ್ಲ. ನನ್ನ ಉತ್ತರ ಬೇರೆ. ಸ್ವಿಚ್ ಇದ್ದಾಗ ನಾದ ಹಿಡಿಸದಿದ್ದರೆ ನನ್ನ ಕೈ ಮೊದಲು ಸ್ವಿಚ್ಚಿಗೆ ಹೋಗುತ್ತಿತ್ತು. ಅದಿಲ್ಲದ ಮೇಲೆ ಬಲಗೈ ತಂತಿಯ ಮೇಲೆ ಜಾಗ ಹುಡುಕತೊಡಗಿತು. ಎಷ್ಟು ಬಿರುಸಾಗಿ ಹೊಡೆಯಬೇಕು, ಎಲ್ಲಿ ಹಗುರಾಗಬೇಕು ಎಂಬುದು ನನಗೆ ಬಂದದ್ದು ಹಾಗೆ.

ಒಪ್ಪಿಕೊಳ್ಳಬೇಕಾದದ್ದೂ ಇದೆ. ನೆಕ್ ಪಿಕಪ್ಪಿನ ತುಂಬು ನಾದ ಬ್ರಿಡ್ಜ್ ಪಿಕಪ್ಪಿನಲ್ಲಿ ಪೂರ್ತಿ ಬರುವುದಿಲ್ಲ. ಪಿ-90 ಹಾಕಿದ ಗಿಟಾರ್ ಗುಂಯ್‌ಗುಡುತ್ತದೆ. ಒಂದೇ ರಾತ್ರಿ ನಲವತ್ತು ಬಗೆಯ ಹಾಡು ನುಡಿಸುವ ಆರ್ಕೆಸ್ಟ್ರಾದವರಿಗೆ ಎರಡು, ಮೂರು ಪಿಕಪ್ ಬೇಕೇ ಬೇಕು. ಅವರೊಂದಿಗೆ ನನ್ನ ಜಗಳವಿಲ್ಲ.

ನುಡಿಸದೆಯೇ ತೀರ್ಪು ಕೊಡುವವರಲ್ಲಿ ಮಾತ್ರ ಒಂದು ವಿನಂತಿ. ಮುಂದಿನ ಸಲ ಅಂಗಡಿಯಲ್ಲಿ ಇಂಥ ಗಿಟಾರ್ ಕಂಡರೆ ಕೆಳಗಿಳಿಸಿ ಕೊಡಲು ಹೇಳಿ, ಆಂಪನ್ನು ಒಂದೇ ಹೊಂದಿಕೆಯಲ್ಲಿ ಬಿಟ್ಟುಬಿಡಿ, ಬರೀ ವಾಲ್ಯೂಮ್ ನಾಬ್ ಮತ್ತು ಬಲಗೈ ನಂಬಿ ಹತ್ತು ನಿಮಿಷ ನುಡಿಸಿ ನೋಡಿ.