ಬ್ಯಾಕಪ್ ಇದೆ ಅಂತಾರೆ, ತೆರೆದು ನೋಡಿದವರು ಯಾರು?

ಉಗರಗೋಳದ ರೈತನಿಗೆ ಉತಾರ ಬೇಕಾದರೆ ಈಗ ತಲಾಟಿಯ ಹಿಂದೆ ವಾರಗಟ್ಟಲೆ ತಿರುಗಬೇಕಾಗಿಲ್ಲ. ಭೂಮಿ ಯೋಜನೆ ಬಂದು ಎರಡು ದಶಕಕ್ಕೂ ಹೆಚ್ಚಾಯ್ತು. 2000ದ ದಶಕದ ಶುರುವಿನಲ್ಲೇ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. ಕೈಬರಹದ ಪಹಣಿಗೆ ಬೆಲೆ ಇಲ್ಲದಂತಾಯ್ತು. ಲಂಚ ಪೂರ್ತಿ ನಿಂತಿತು ಅಂತ ಯಾರೂ ಹೇಳಲ್ಲ, ಆದರೆ ಕಾಗದ ಸಿಗೋದಂತೂ ಸಲೀಸಾಯ್ತು.

ಈಗ ಎರಡನೇ ಹಂತ ನಡೀತಿದೆ. ಕಂದಾಯ ಸಚಿವ ಕೃಷ್ಣ ಬೈರೇಗೌಡರು 2024ರಲ್ಲಿ ಶುರು ಮಾಡಿದ ‘ಭೂ ಸುರಕ್ಷಾ’ ಯೋಜನೆಯಡಿ ತಹಸೀಲ್ದಾರ್ ಕಚೇರಿಗಳ ರೆಕಾರ್ಡ್ ರೂಮಿನಲ್ಲಿರುವ ಹಳೇ ದಾಖಲೆಗಳನ್ನೂ ಸ್ಕ್ಯಾನ್ ಮಾಡಲಾಗ್ತಿದೆ. ಉದ್ದೇಶ ಸರಿಯಾದದ್ದೇ. ಗೆದ್ದಲು ತಿನ್ನೋದು, ಹಾಳೆ ಕಿತ್ತುಹಾಕೋದು, ಫೈಲೇ ‘ಕಾಣೆ’ ಆಗೋದು ನಮ್ಮ ಕಚೇರಿಗಳಿಗೆ ಹೊಸದಲ್ಲ.

ಸವದತ್ತಿ ಸೀಮೆಗೆ ಇದು ಇನ್ನೂ ಮುಖ್ಯ. 1956ರವರೆಗೆ ಈ ಭಾಗ ಮುಂಬೈ ರಾಜ್ಯದಲ್ಲಿತ್ತು, ತಾಲ್ಲೂಕಿನ ಹೆಸರು ಪರಸಗಡ. ಹಳೇ ಕಂದಾಯ ಕಾಗದಗಳು ಮೋಡಿ ಲಿಪಿಯಲ್ಲೂ ಇವೆ, ಅದನ್ನು ಓದಬಲ್ಲವರು ಈಗ ಬೆರಳೆಣಿಕೆ ಮಂದಿ. ವತನ ಜಮೀನು, ಇನಾಮು ಜಮೀನು, ನವಿಲುತೀರ್ಥದ ಅಣೆಕಟ್ಟಿನ ಹಿನ್ನೀರಿಗೆ ಹೋದ ಹೊಲ, ಇವುಗಳ ವ್ಯಾಜ್ಯ ಎದ್ದಾಗ ಈಗಿನ ಉತಾರ ಸಾಲಲ್ಲ, ಮೂಲ ಕಾಗದವೇ ಬೇಕಾಗುತ್ತೆ. ಆ ಕಾಗದದ ಜಾಗಕ್ಕೆ ಈಗ ಒಂದು ಫೈಲ್ ಬರ್ತಿದೆ. ಆ ಫೈಲ್ ಯಾವುದೋ ಸರ್ವರ್‌ನಲ್ಲಿರುತ್ತೆ, ಅದರದೊಂದು ಬ್ಯಾಕಪ್ ಇನ್ನೊಂದು ಕಡೆ ಇರುತ್ತೆ.

ನನ್ನ ಪ್ರಶ್ನೆ ಒಂದೇ. ಆ ಬ್ಯಾಕಪ್ ತೆರೆಯುತ್ತಾ?

ಇದು ಕೊಂಕು ಪ್ರಶ್ನೆಯಲ್ಲ. ಬ್ಯಾಕಪ್ ಇಡೋದು ಬೇರೆ, ಇಟ್ಟದ್ದು ವಾಪಸ್ ಬರೋದು ಬೇರೆ ಅಂತ ಕಂಪ್ಯೂಟರ್ ಕೆಲಸ ಮಾಡಿದ ಯಾರಿಗಾದರೂ ಗೊತ್ತು. ದೊಡ್ಡ ಬ್ಯಾಕಪ್‌ಗಳು ಸಾಮಾನ್ಯವಾಗಿ ಡಿಸ್ಕ್ ಇಮೇಜ್ ರೂಪದಲ್ಲಿರುತ್ತವೆ. ಅಂದರೆ ಇಡೀ ಡಿಸ್ಕನ್ನು ಒಂದೇ ಫೈಲಿನೊಳಗೆ ಕಟ್ಟಿಟ್ಟ ಗಂಟು. ಅದನ್ನು ನೆಟ್‌ವರ್ಕ್ ಡ್ರೈವ್‌ನಲ್ಲಿ ಇಡ್ತೀವಿ. ಹೆಸರು ಕಾಣುತ್ತೆ, ಸೈಜ್ ಕಾಣುತ್ತೆ, ತಾರೀಖು ಕಾಣುತ್ತೆ. ಬೇಕಾದ ದಿನ ಕ್ಲಿಕ್ ಮಾಡಿದರೆ ಮಾತ್ರ ತೆರೆಯಲ್ಲ.

ಯಾಕೆ ತೆರೆಯಲ್ಲ? ಸಾಮಾನ್ಯ ಕಾರಣ ನಾಲ್ಕು. ಒಂದು, ಬೀಗ. ಬೇರೆ ಯಂತ್ರ ಆ ಇಮೇಜ್ ತೆರೆದು ಕೂತಿರುತ್ತೆ, ಅಥವಾ ನಡುವೆ ನೆಟ್‌ವರ್ಕ್ ಹೋಗಿ ಹಳೇ ಬೀಗ ಹಾಗೇ ಉಳಿದಿರುತ್ತೆ. ಎರಡು, ಅನುಮತಿ. ಫೈಲ್ ಕಾಣೋ ಹಕ್ಕಿರುತ್ತೆ, ತೆರೆಯೋ ಹಕ್ಕಿರಲ್ಲ. ಮೂರು, ತುಂಡು. ಕೆಲವು ಇಮೇಜ್‌ಗಳು ಸಾವಿರಾರು ಸಣ್ಣ ಫೈಲುಗಳಾಗಿ ಹರಡಿರುತ್ತವೆ, ಕಾಪಿ ಆಗುವಾಗ ಮುಖ್ಯವಾದ ಒಂದು ತುಂಡು ಕೆಟ್ಟರೂ ಇಡೀ ಗಂಟು ಬಿಚ್ಚದೇ ಹೋಗಬಹುದು. ನಾಲ್ಕು, ಕೀಲಿ. ಇಮೇಜ್ ಎನ್‌ಕ್ರಿಪ್ಟ್ ಆಗಿರುತ್ತೆ, ಪಾಸ್‌ವರ್ಡ್ ಗೊತ್ತಿದ್ದವನು ಕೆಲಸ ಬಿಟ್ಟಿರ್ತಾನೆ.

ನಿಮ್ಮ ಮನೆಯಲ್ಲೋ ಆಫೀಸಿನಲ್ಲೋ ಹೀಗಾದರೆ ಗಾಬರಿಯಲ್ಲಿ ‘ರಿಪೇರಿ’ ಬಟನ್ ಒತ್ತಬೇಡಿ. ಮೊದಲು ಆ ಡ್ರೈವ್‌ಗೆ ಕೂಡಿಕೊಂಡಿರುವ ಬೇರೆ ಯಂತ್ರಗಳನ್ನು ಬಿಡಿಸಿ, ಮತ್ತೆ ಕನೆಕ್ಟ್ ಮಾಡಿ ನೋಡಿ. ಅನುಮತಿ ಸರಿಯಿದೆಯಾ ನೋಡಿ. ಆಮೇಲೂ ಆಗದಿದ್ದರೆ ಇಮೇಜನ್ನು ನಿಮ್ಮ ಯಂತ್ರದ ಡಿಸ್ಕಿಗೆ ಕಾಪಿ ಮಾಡಿ, ಸೈಜ್ ಹೋಲಿಸಿ, ರೀಡ್-ಓನ್ಲಿ ಆಗಿ ತೆರೆಯಲು ನೋಡಿ. ನೆಟ್‌ವರ್ಕಿನಲ್ಲಿ ತೆರೆಯದ್ದು ಎಷ್ಟೋ ಸಲ ಇಲ್ಲಿ ತೆರೆಯುತ್ತೆ. ರಿಪೇರಿ ಏನಿದ್ದರೂ ಕಾಪಿಯ ಮೇಲೆ ಮಾತ್ರ. ಉಳಿದಿರುವ ಒಂದೇ ಪ್ರತಿಯ ಮೇಲೆ ಪ್ರಯೋಗ ಮಾಡೋದು ಅಂದ್ರೆ ಬಿತ್ತೋ ಬೀಜವನ್ನೇ ಹುರಿದ ಹಾಗೆ.

ಇದೇ ನಾಲ್ಕು ಕಾರಣಗಳನ್ನು ಸರ್ಕಾರದ ಅಳತೆಗೆ ಹಿಗ್ಗಿಸಿ ನೋಡಿ. ಬೀಗ ಅಂದರೆ ಎರಡು ಇಲಾಖೆಗಳ ನಡುವಿನ ಎಳೆದಾಟ. ಅನುಮತಿ ಅಂದರೆ ವರ್ಗವಾಗಿ ಹೋದ ಅಧಿಕಾರಿಯ ಲಾಗಿನ್. ತುಂಡು ಅಂದರೆ ದಿನಕ್ಕಿಷ್ಟು ಪುಟ ಅಂತ ಗುರಿ ಹಾಕಿಕೊಂಡು ಓಡೋ ಕೆಲಸದಲ್ಲಿ ಮಡಿಚಿದ ಹಾಳೆ, ಬಿಟ್ಟುಹೋದ ಪುಟ. ಕೀಲಿ ಅಂದರೆ ಗುತ್ತಿಗೆ ಮುಗಿಸಿ ಹೋದ ಏಜೆನ್ಸಿ.

ದೊಡ್ಡವರೂ ಇಲ್ಲಿ ಎಡವಿದ್ದಾರೆ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಯ ಎಂಜಿನಿಯರ್ ಒಬ್ಬರು ತಪ್ಪಿ ಮುಖ್ಯ ಡೇಟಾಬೇಸನ್ನೇ ಅಳಿಸಿಬಿಟ್ಟರು. ಬ್ಯಾಕಪ್‌ಗೆ ಹಲವು ದಾರಿಗಳಿದ್ದವು. ದಿನಾ ಆಗಬೇಕಿದ್ದ ಬ್ಯಾಕಪ್ ಸಾಫ್ಟ್‌ವೇರ್ ಆವೃತ್ತಿ ಹೊಂದದೆ ನಿಂತುಹೋಗಿತ್ತು. ‘ಬ್ಯಾಕಪ್ ಆಗ್ತಿಲ್ಲ’ ಅಂತ ಎಚ್ಚರಿಸೋ ಇಮೇಲ್‌ಗಳೂ ತಲುಪುತ್ತಿರಲಿಲ್ಲ. ಕೊನೆಗೆ ಕಾಪಾಡಿದ್ದು ಆರು ಗಂಟೆ ಮುಂಚೆ ಬೇರೆ ಕೆಲಸಕ್ಕೆ ತೆಗೆದಿಟ್ಟಿದ್ದ ಒಂದು ಪ್ರತಿ. ಆ ಆರು ಗಂಟೆಗಳ ದತ್ತಾಂಶ ಹೋಯ್ತು.

ಸರ್ಕಾರದ್ದೇ ಉದಾಹರಣೆ ಬೇಕಾ? 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್ ನಗರದ ಸರ್ಕಾರಿ ಡೇಟಾ ಸೆಂಟರ್‌ನಲ್ಲಿ ಲಿಥಿಯಂ ಬ್ಯಾಟರಿಗೆ ಬೆಂಕಿ ಬಿತ್ತು. 709 ಸರ್ಕಾರಿ ವ್ಯವಸ್ಥೆಗಳು ನಿಂತವು. ಅಧಿಕಾರಿಗಳು ಕಡತ ಇಡುತ್ತಿದ್ದ ಜಿ-ಡ್ರೈವ್‌ನ 858 ಟೆರಾಬೈಟ್ ದತ್ತಾಂಶ ಸುಟ್ಟೇ ಹೋಯ್ತು. ತೀರಾ ದೊಡ್ಡದು ಅನ್ನೋ ಕಾರಣಕ್ಕೆ ಅದರ ಬ್ಯಾಕಪ್ ಹೊರಗೆಲ್ಲೂ ಇಟ್ಟಿರಲಿಲ್ಲ. ಸ್ಯಾಮ್‌ಸಂಗ್ ಕಟ್ಟಿದ ದೇಶದ ಕತೆ ಇದು.

ನಮ್ಮಲ್ಲಿ 2025ರ ಶುರುವಿನಲ್ಲಿ ನೋಂದಣಿಯ ಕಾವೇರಿ 2.0 ತಂತ್ರಾಂಶ ದಿನಗಟ್ಟಲೆ ಕುಂಟಿದಾಗ ಉಪನೋಂದಣಿ ಕಚೇರಿಗಳ ಮುಂದೆ ಜನ ಕಾದು ಕೂತರು. ಅದು ಹೊರಗಿನಿಂದ ನಡೆದ ಸೈಬರ್ ದಾಳಿ ಅಂತ ಸರ್ಕಾರ ಹೇಳಿತು. ಅಲ್ಲಿ ಬಾಗಿಲು ಮಾತ್ರ ಕಟ್ಟಿತ್ತು, ಒಳಗಿನ ದಾಖಲೆ ಹೋಗಿರಲಿಲ್ಲ. ಬಾಗಿಲು ಕಟ್ಟಿದ್ದಕ್ಕೇ ಅಷ್ಟು ಪರದಾಟ. ಒಳಗಿನ ಗಂಟೇ ಬಿಚ್ಚದ ದಿನ ಏನಾಗುತ್ತೆ ಅಂತ ಯೋಚಿಸಿ.

ಸ್ಕ್ಯಾನಿಂಗ್ ನಿಲ್ಲಿಸಬೇಕು ಅನ್ನೋದು ನನ್ನ ವಾದವಲ್ಲ. ಗೆದ್ದಲು ಹಿಡಿದ ಕಾಗದಕ್ಕಿಂತ ಒಳ್ಳೆಯ ಸ್ಕ್ಯಾನ್ ಖಂಡಿತ ಮೇಲು. ಆದರೆ ಎಷ್ಟು ಕೋಟಿ ಪುಟ ಮುಗೀತು ಅನ್ನೋ ಲೆಕ್ಕ ಅರ್ಧ ಉತ್ತರ ಮಾತ್ರ. ಉಳಿದರ್ಧಕ್ಕೆ ಮೂರು ಕೆಲಸ ಆಗಬೇಕು.

ಮೊದಲನೆಯದು, ಆರು ತಿಂಗಳಿಗೊಮ್ಮೆ ಬಹಿರಂಗ ಪರೀಕ್ಷೆ. ತಾಲ್ಲೂಕಿಗೆ ಒಂದು ಊರನ್ನು ಚೀಟಿ ಎತ್ತಿ ಆರಿಸಲಿ. ಸವದತ್ತಿಯಲ್ಲಿ ಉಗರಗೋಳ ಬಂತು ಅಂದ್ಕೊಳ್ಳಿ. ಆ ಊರಿನ ದಾಖಲೆಗಳನ್ನು ಮುಖ್ಯ ಸರ್ವರ್ ಮುಟ್ಟದೆ, ಬರೀ ಬ್ಯಾಕಪ್‌ನಿಂದ, ಬೇರೆ ಯಂತ್ರದಲ್ಲಿ ತೆರೆದು ತೋರಿಸಲಿ. ಎಷ್ಟು ಹೊತ್ತು ಹಿಡೀತು, ಎಷ್ಟು ಪುಟ ತೆರೆಯಲಿಲ್ಲ ಅನ್ನೋದನ್ನು ಪಂಚಾಯಿತಿ ಗೋಡೆಗೆ ಅಂಟಿಸಲಿ.

ಎರಡನೆಯದು, ಪ್ರತಿ ಸ್ಕ್ಯಾನಿಗೂ ಅವತ್ತೇ ಹ್ಯಾಶ್ ದಾಖಲಿಸಬೇಕು. ಹ್ಯಾಶ್ ಅಂದರೆ ಫೈಲಿನ ಬೆರಳಚ್ಚು, ಒಳಗೆ ಒಂದು ಚುಕ್ಕೆ ಬದಲಾದರೂ ಅದು ಬೇರೆಯಾಗುತ್ತೆ. 2024ರ ಜುಲೈ 1ರಿಂದ ಜಾರಿಯಲ್ಲಿರೋ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆ ಕೋರ್ಟಿಗೆ ಹೋಗುವಾಗ ಕೊಡೋ ಪ್ರಮಾಣಪತ್ರದಲ್ಲಿ ಹ್ಯಾಶ್ ಬರೆಯಲೇಬೇಕು. ರೈತನಿಗೆ ಕೊಡೋ ನಕಲಿನ ಮೇಲೂ ಅದನ್ನು ಅಚ್ಚು ಹಾಕಲಿ. ನಾಳೆ ಯಾರಾದರೂ ಸರ್ವರ್‌ನಲ್ಲಿ ಕೈಯಾಡಿಸಿದರೆ ರೈತನ ಕೈಯಲ್ಲೇ ಪುರಾವೆ ಇರುತ್ತೆ.

ಮೂರನೆಯದು, ಮೂಲ ಕಾಗದವನ್ನು ‘ಸ್ಕ್ಯಾನ್ ಆಯ್ತಲ್ಲ’ ಅಂತ ಮೂಲೆಗೆ ಎಸೆಯಬಾರದು. ಮೋಡಿ ಕಾಗದಗಳನ್ನಂತೂ ಓದಬಲ್ಲವರು ಇರುವಾಗಲೇ ಓದಿಸಿ, ಸೂಚಿ ಮಾಡಿಸಬೇಕು. ಹೆಸರಿಲ್ಲದ ಚಿತ್ರವನ್ನು ಹುಡುಕೋಕೆ ಆಗಲ್ಲ. ಹುಡುಕೋಕೆ ಆಗದ ದಾಖಲೆ ರೈತನ ಪಾಲಿಗೆ ಇಲ್ಲದ ದಾಖಲೆಯೇ.

ಇದಕ್ಕೆ ಹೊಸ ಕಾನೂನು ಬೇಕಿಲ್ಲ. ದಾಖಲೆಗಳನ್ನು ಪಟ್ಟಿ ಮಾಡಿ, ಸೂಚಿ ಹಾಕಿ, ಕಂಪ್ಯೂಟರೀಕರಿಸಿ ಜನರಿಗೆ ಸಿಗುವಂತೆ ಇಡಬೇಕು ಅಂತ 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಈಗಾಗಲೇ ಹೇಳಿದೆ. ಹತ್ತು ರೂಪಾಯಿ ಶುಲ್ಕ ಕಟ್ಟಿ ನಿಮ್ಮ ತಾಲ್ಲೂಕಿನ ತಹಸೀಲ್ದಾರರಿಗೆ ಒಂದು ಅರ್ಜಿ ಹಾಕಿ. ನಮ್ಮೂರ ದಾಖಲೆಗಳ ಬ್ಯಾಕಪ್ಪನ್ನು ಕೊನೇ ಸಲ ತೆರೆದು ಪರೀಕ್ಷೆ ಮಾಡಿದ್ದು ಯಾವ ತಾರೀಖು, ಅದರ ವರದಿಯ ಪ್ರತಿ ಕೊಡಿ ಅಂತ ಕೇಳಿ. ಬೈಲಹೊಂಗಲ, ಕಿತ್ತೂರು, ರಾಮದುರ್ಗದಿಂದಲೂ ಇದೇ ಅರ್ಜಿ ಹೋಗಲಿ. ತಾರೀಖು ಬಂದರೆ ಒಳ್ಳೇದು. ಬರದಿದ್ದರೆ ಮೇಲ್ಮನವಿ ಹಾಕಿ, ನಿಮ್ಮ ಶಾಸಕರ ಮುಂದೆ ಇಡಿ. ಹೊಲದ ಕಾಗದ ಕಳೆದುಹೋದ ಮೇಲೆ ಕೇಳೋದಕ್ಕಿಂತ ಈಗಲೇ ಕೇಳೋದು ಅಗ್ಗ.