ಕಾಂಕ್ರೀಟು ಕಂಪನಿಯ ಯೋಗ್ಯತೆ
ಕಾಂಕ್ರೀಟು ಒತ್ತಡವನ್ನು ತಾಳಬಲ್ಲದು, ಸೆಳೆತವನ್ನು ತಾಳಲಾರದು. ಆ ಕೊರತೆಯನ್ನು ಉಕ್ಕಿನ ಸರಳುಗಳಿಂದ ನೀಗಿಸುವ ತನ್ನ ಕ್ರಮಕ್ಕೆ ಫ್ರಾನ್ಸಿನ ಫ್ರಾನ್ಸ್ವಾ ಹೆನ್ನೆಬಿಕ್ 1892ರಲ್ಲಿ ಪೇಟೆಂಟು ಪಡೆದನು. ಲೆಕ್ಕಾಚಾರವೂ ನಕ್ಷೆಯೂ ಅವನ ಕಚೇರಿಯವು. ಕಟ್ಟುವ ಕೆಲಸ ಅನುಮತಿ ಪಡೆದ ಗುತ್ತಿಗೆದಾರರದು. ಈ ಏರ್ಪಾಡಿನಿಂದ ಅವನ ಸಂಸ್ಥೆ ಹಲವು ದೇಶಗಳಿಗೆ ಹಬ್ಬಿತು.

ಆದರೆ 1901ರಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದಲ್ಲಿ ಇದೇ ಕ್ರಮದಿಂದ ಕಟ್ಟುತ್ತಿದ್ದ ಹೋಟೆಲೊಂದು ಕುಸಿದು ಕೆಲಸಗಾರರು ಪ್ರಾಣ ಕಳೆದುಕೊಂಡರು. ಮರಳು ಜಲ್ಲಿಗಳನ್ನು ತೊಳೆಯದಿದ್ದುದು ತನಿಖೆಯಲ್ಲಿ ಕಂಡ ದೋಷಗಳಲ್ಲೊಂದು. ಮಣ್ಣು ಮೆತ್ತಿದ ಮರಳಿಗೆ ಸಿಮೆಂಟು ಬಿಗಿಯಾಗಿ ಅಂಟದಷ್ಟೆ.

ಆದುದರಿಂದ ಮರಳನ್ನು ತೊಳೆಯುವ, ನೀರನ್ನು ಅಳೆಯುವ, ಎರಕವನ್ನು ದಿನಗಟ್ಟಲೆ ತೇವವಾಗಿಡುವ, ಅದರ ಮಾದರಿಯನ್ನು 28ನೆಯ ದಿನ ಒಡೆದು ಪರೀಕ್ಷಿಸುವ ನಿತ್ಯದ ದುಡಿಮೆಯಿಂದಲೇ ಕಂಪನಿಯ ಯೋಗ್ಯತೆಯನ್ನು ಅಳೆಯಬೇಕೆಂಬುದು ನಮ್ಮ ಅಭಿಪ್ರಾಯ. ಮನೆ ಕಟ್ಟಿಸುವ ವಾಚಕರು ನಕ್ಷೆಯ ಅಂದವನ್ನು ಮೆಚ್ಚುವ ಮುನ್ನ ಮರಳಿನ ರಾಶಿಯನ್ನು ನೋಡಿಬರಲಿ.