ಅಂಕಗಳೂ ಅಳತೆಗೋಲೂ

ಸಂತೆಯಲ್ಲಿ ಧಾನ್ಯವನ್ನು ಅಳೆಯುವವನು ಅರ್ಧ ರಾಶಿ ಮುಗಿದ ಮೇಲೆ ಕೊಳಗವನ್ನು ಬದಲಿಸಿದರೆ ಕೊಳ್ಳುವವನೂ ಸುಮ್ಮನಿರನು, ಮಾರುವವನೂ ಸುಮ್ಮನಿರನು. ಹೊಸ ಕೊಳಗವು ಹಳೆಯದಕ್ಕಿಂತ ನಿಷ್ಕೃಷ್ಟವಾಗಿದ್ದರೂ ಅಂದಿನ ವ್ಯಾಪಾರದ ಮೇಲಿನ ನಂಬಿಕೆಯು ಅಳಿದಂತೆಯೇ ಸರಿ. ಸಂತೆಯಲ್ಲಿ ಸಲ್ಲದ ಈ ನಡತೆಯು ವಿದ್ಯೆಯ ಕ್ಷೇತ್ರದಲ್ಲಿ ಮಾತ್ರ ಸಲ್ಲುವುದು ಹೇಗೆ? ನಮ್ಮ ಬಾಲಕ ಬಾಲಕಿಯರು ಎರಡು ವರ್ಷ ನಿದ್ದೆಗೆಟ್ಟು ಸಂಪಾದಿಸಿದ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳ ಅಂಕಗಳನ್ನು ಇಂಜಿನಿಯರಿಂಗ್ ಪ್ರವೇಶಕ್ಕಾಗಿ ಅಳೆಯುವ ಕ್ರಮವನ್ನು ನೋಡಿದಾಗ ಈ ಪ್ರಶ್ನೆಯನ್ನು ಕೇಳದೆ ಇರಲಾರೆವು.

ನಮ್ಮ ರಾಜ್ಯದ ಪದ್ಧತಿಯು ವಾಚಕರಲ್ಲಿ ಅನೇಕರಿಗೆ ಪರಿಚಿತವಾದುದೇ. ದ್ವಿತೀಯ ಪಿಯುಸಿಯಲ್ಲಿ ಈ ಮೂರು ವಿಷಯಗಳಲ್ಲಿ ಪಡೆದ ಅಂಕಗಳಿಗೆ ಅರ್ಧ ಪಾಲು, ಸಾಮಾನ್ಯ ಪ್ರವೇಶ ಪರೀಕ್ಷೆ, ಅಂದರೆ ಸಿಇಟಿಯ ಅಂಕಗಳಿಗೆ ಇನ್ನರ್ಧ ಪಾಲು. ಪಿಯುಸಿಯಲ್ಲಿ 300ಕ್ಕೆ 270 ಪಡೆದವನಿಗೆ 45, ಸಿಇಟಿಯಲ್ಲಿ 180ಕ್ಕೆ 90 ಪಡೆದರೆ 25, ಕೂಡಿದರೆ 70. ಈ ಮೊತ್ತದ ಮೇಲೆ ರ‍್ಯಾಂಕು, ರ‍್ಯಾಂಕಿನ ಮೇಲೆ ಕಾಲೇಜು. ಶಾಲೆಯ ದೀರ್ಘ ವ್ಯಾಸಂಗಕ್ಕೂ ಒಂದು ದಿನದ ಚುರುಕುತನಕ್ಕೂ ಸಮಾನ ಗೌರವವನ್ನು ಕೊಡುವ ಈ ಉದ್ದೇಶವನ್ನು ನಾವು ಮನಃಪೂರ್ವಕವಾಗಿ ಒಪ್ಪುತ್ತೇವೆ.

ಆದರೆ ಹೆಸರಿಗೆ ಸಮಪಾಲಾದುದು ಫಲದಲ್ಲಿಯೂ ಸಮಪಾಲಾಗುವುದೆಂದು ಭಾವಿಸಲಾಗದು. ಒಂದು ಊಹೆಯ ಲೆಕ್ಕವನ್ನು ನೋಡೋಣ. ಒಂದು ಗುಂಪಿನ ವಿದ್ಯಾರ್ಥಿಗಳ ಪಿಯುಸಿ ಅಂಕಗಳು ಶೇಕಡಾ 85ರಿಂದ 98ರೊಳಗೆ ಒತ್ತೊತ್ತಾಗಿ ಕುಳಿತಿವೆ. ಅದೇ ಗುಂಪಿನ ಸಿಇಟಿ ಅಂಕಗಳು ಶೇಕಡಾ 30ರಿಂದ 80ರವರೆಗೆ ಹರಡಿವೆ. ಎರಡನ್ನೂ ಅರ್ಧ ಮಾಡಿ ಕೂಡಿಸಿದಾಗ ಪಿಯುಸಿಯಿಂದ ಉಂಟಾಗಬಹುದಾದ ಅತಿ ದೊಡ್ಡ ಅಂತರವು ಆರೂವರೆ ಅಂಕ ಮಾತ್ರ, ಸಿಇಟಿಯಿಂದ ಇಪ್ಪತ್ತೈದು. ಹಾಗಾದರೆ ರ‍್ಯಾಂಕನ್ನು ನಿರ್ಣಯಿಸಿದವರು ಯಾರು? ತಕ್ಕಡಿಯ ಎರಡು ತಟ್ಟೆಗಳು ಒಂದೇ ಗಾತ್ರದವಾದರೆ ಸಾಲದು; ಅವುಗಳಲ್ಲಿ ಇಟ್ಟ ವಸ್ತುಗಳನ್ನು ಒಂದೇ ಮಾನಕ್ಕೆ ತಂದಿರಬೇಕು. ಅಂಕಗಳ ಸರಾಸರಿಯನ್ನೂ ಹರಹನ್ನೂ ಗಮನಿಸಿ ಹದಗೊಳಿಸುವುದು ಇದಕ್ಕಾಗಿಯೇ ಹೊರತು, ಒಬ್ಬರ ಅಂಕವನ್ನು ಕಿತ್ತು ಇನ್ನೊಬ್ಬರಿಗೆ ಕೊಡುವುದಕ್ಕಾಗಿ ಅಲ್ಲ. ಹದಗೊಳಿಸುವುದೆಂದರೆ ಮೋಸವೆಂದು ಕೂಗುವವರ ಪಕ್ಷಕ್ಕೆ ನಾವು ಸೇರಿದವರಲ್ಲ.

ನಮ್ಮ ಆಕ್ಷೇಪಣೆಯು ಬೇರೆ. ಹದಗೊಳಿಸುವ ನಿಯಮವು ಪರೀಕ್ಷೆಗೆ ಮೊದಲೇ ಗೊತ್ತಾಗಿರಬೇಕು. ಪರೀಕ್ಷೆ ಮುಗಿದ ಮೇಲೆ ಹುಟ್ಟಬಾರದು. ನಮ್ಮಲ್ಲಿ ಆದುದೇನು?

2021ನೆಯ ಇಸವಿಯಲ್ಲಿ ಮಹಾಮಾರಿಯ ಕಾರಣದಿಂದ ದ್ವಿತೀಯ ಪಿಯುಸಿ ಪರೀಕ್ಷೆಯು ರದ್ದಾಯಿತು. ಎಸ್ಸೆಸ್ಸೆಲ್ಸಿಯ ಅಂಕಗಳಿಗೆ ಶೇಕಡಾ 45, ಪ್ರಥಮ ಪಿಯುಸಿಗೆ 45, ಆಂತರಿಕ ಪರೀಕ್ಷೆಗೆ 10 ಎಂಬ ಪ್ರಮಾಣದಲ್ಲಿ ಫಲಿತಾಂಶವನ್ನು ಕಟ್ಟಲಾಯಿತು. ಆ ವರ್ಷ 600ಕ್ಕೆ 600 ಪಡೆದವರು 2,239 ಮಂದಿ. ಮರುವರ್ಷ ಪರೀಕ್ಷೆಯು ಯಥಾಪ್ರಕಾರ ನಡೆದಾಗ ಅತ್ಯುನ್ನತ ಅಂಕವೇ 598. ಈ ಎರಡು ವರ್ಷಗಳ ಅಂಕಗಳು ಒಂದೇ ನಾಣ್ಯವಲ್ಲವೆಂಬುದನ್ನು ತಿಳಿಯಲು ಗಣಿತಶಾಸ್ತ್ರಜ್ಞರೇ ಬೇಕಾಗಿಲ್ಲ. 2021ರ ಪ್ರವೇಶಕ್ಕೆ ಸಿಇಟಿ ಅಂಕಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿದುದು ಆ ಕಾರಣದಿಂದಲೇ.

ತೊಡಕು ಎದ್ದುದು 2022ರಲ್ಲಿ. ಹಿಂದಿನ ವರ್ಷ ಪಿಯುಸಿ ಮುಗಿಸಿದ್ದ ಸುಮಾರು 24,000 ವಿದ್ಯಾರ್ಥಿಗಳು ಪುನಃ ಸಿಇಟಿಗೆ ಕುಳಿತರು. ಫಲಿತಾಂಶವು ಹೊರಬಿದ್ದಾಗ ಅವರ ಪಿಯುಸಿ ಅಂಕಗಳನ್ನು ಎಣಿಸಿರಲಿಲ್ಲ. ಹೊಸಬರಿಗೆ ಎರಡು ತಟ್ಟೆ, ಇವರಿಗೆ ಒಂದೇ ತಟ್ಟೆ. ಅವರು ಹೈಕೋರ್ಟಿನ ಮೆಟ್ಟಿಲೇರಿದರು. ಸೆಪ್ಟೆಂಬರ್ ಆರಂಭದಲ್ಲಿ ಏಕಸದಸ್ಯ ಪೀಠವು ಪರೀಕ್ಷಾ ಪ್ರಾಧಿಕಾರದ ನಿರ್ಧಾರವನ್ನು ತಳ್ಳಿಹಾಕಿ, ಇವರಿಗೂ ಸಮಪಾಲಿನ ನಿಯಮವನ್ನೇ ಅನ್ವಯಿಸಬೇಕೆಂದಿತು. ಈಗ ಹೊಸಬರ ತಂದೆತಾಯಿಗಳು ಗಾಬರಿಯಾದರು. ಪರೀಕ್ಷೆಯಿಲ್ಲದೆ ಬಂದ ಧಾರಾಳ ಅಂಕಗಳೆದುರು ತಮ್ಮ ಮಕ್ಕಳು ಪರೀಕ್ಷೆ ಬರೆದು ಪಡೆದ ಅಂಕಗಳ ಗತಿಯೇನು? ಕಡೆಗೆ ಸರಕಾರವು ಮೇಲ್ಮನವಿ ಸಲ್ಲಿಸಿ, ತಜ್ಞರ ಸಮಿತಿಯ ಸೂತ್ರವೊಂದನ್ನು ಮುಂದಿಟ್ಟಿತು. ಹಳಬರ ಪಿಯುಸಿ ಅಂಕಗಳಲ್ಲಿ ವಿಷಯವೊಂದಕ್ಕೆ ಸರಾಸರಿ ಸುಮಾರು 6ನ್ನು ಕಳೆದು ಉಳಿದುದನ್ನು ಎಣಿಸುವುದೇ ಆ ಸೂತ್ರ. ವಿಭಾಗೀಯ ಪೀಠವು ಸೆಪ್ಟೆಂಬರ್ ತಿಂಗಳಲ್ಲಿಯೇ ಇದನ್ನು ಅಂಗೀಕರಿಸಿತು. ಅಕ್ಟೋಬರಿನಲ್ಲಿ ಪರಿಷ್ಕೃತ ರ‍್ಯಾಂಕುಗಳು ಹೊರಬಂದವು.

ಆ ಸೂತ್ರವು ಅನ್ಯಾಯವಾದುದೆಂದು ನಾವು ಹೇಳುವುದಿಲ್ಲ. ಇಬ್ಬರ ದೂರಿನಲ್ಲಿಯೂ ಸತ್ಯವಿತ್ತು. ಸೂತ್ರವು ಇಬ್ಬರ ನಡುವೆ ಒಂದು ದಾರಿಯನ್ನು ಕಂಡುಕೊಂಡಿತು. ನಮ್ಮನ್ನು ಬಾಧಿಸುವ ಸಂಗತಿಯೆಂದರೆ, 2021ರ ಬೇಸಗೆಯಲ್ಲಿಯೇ ಎದುರಿಗೆ ನಿಂತಿದ್ದ ಪ್ರಶ್ನೆಗೆ 2022ರ ಶರತ್ಕಾಲದಲ್ಲಿ, ಅದೂ ನ್ಯಾಯಾಲಯದ ಬಾಗಿಲಲ್ಲಿ, ಉತ್ತರ ದೊರೆತುದು. ಇಂದು ಪಾಸಾದವರು ನಾಳೆ ಮರಳಿ ಪರೀಕ್ಷೆಗೆ ಬರುವರೆಂಬುದು ದಿವ್ಯದೃಷ್ಟಿಯಿಂದ ಕಾಣಬೇಕಾದ ವಿಷಯವೇ? ಈ ಎರಡು ತಿಂಗಳು ಎಷ್ಟು ಮನೆಗಳಲ್ಲಿ ಊಟ ನಿದ್ರೆಗಳು ಕೆಟ್ಟವೆಂಬುದನ್ನು ಯಾವ ಕಡತವೂ ದಾಖಲಿಸಿಲ್ಲ.

ಪಾಠವನ್ನು ಕಲಿತೆವೆಂದುಕೊಳ್ಳುವಷ್ಟರಲ್ಲಿ 2024 ಬಂದಿತು. ಆ ವರ್ಷದ ಸಿಇಟಿಯಲ್ಲಿ ಪಠ್ಯಕ್ಕೆ ಹೊರಗಾದ ಪ್ರಶ್ನೆಗಳು ಕಾಣಿಸಿಕೊಂಡು, ಜೀವಶಾಸ್ತ್ರವೂ ಸೇರಿದಂತೆ ನಾಲ್ಕು ವಿಷಯಗಳಿಂದ ಒಟ್ಟು 50 ಪ್ರಶ್ನೆಗಳನ್ನು ಪರೀಕ್ಷೆ ಮುಗಿದ ಮೇಲೆ ಕೈಬಿಡಬೇಕಾಯಿತು. ಗಣಿತದಲ್ಲಿ 60 ಪ್ರಶ್ನೆಗಳಿಗೆ ಬದಲು 45 ಉಳಿದವು. ಪಠ್ಯದಲ್ಲಿಲ್ಲದುದನ್ನು ಕೇಳಬಾರದೆಂಬುದು ಸರಿಯೇ. ಆದರೆ ಆ ಪ್ರಶ್ನೆಗಳ ಮೇಲೆ ಹತ್ತು ನಿಮಿಷ ಕಳೆದವನ ಹತ್ತು ನಿಮಿಷವನ್ನು ಮರಳಿ ಕೊಡುವವರಾರು?

ಇದು ನಮ್ಮೊಬ್ಬರ ಮನೆಯ ಕಥೆಯಲ್ಲ. ನೆರೆಯ ತಮಿಳುನಾಡು 2006ರ ಕಾನೂನಿನಿಂದ ಇಂಥ ಪ್ರವೇಶ ಪರೀಕ್ಷೆಯನ್ನೇ ತೆಗೆದುಹಾಕಿತು. ಅಲ್ಲಿ ಇಂಜಿನಿಯರಿಂಗ್ ಪ್ರವೇಶಕ್ಕೆ ಗಣಿತಕ್ಕೆ 100, ಭೌತಶಾಸ್ತ್ರ ರಸಾಯನಶಾಸ್ತ್ರಗಳಿಗೆ ತಲಾ 50, ಹೀಗೆ 200ಕ್ಕೆ ಲೆಕ್ಕ. ಬೇರೆ ಮಂಡಲಿಯಲ್ಲಿ ಓದಿದವರ ಅಂಕಗಳನ್ನು ಉಭಯ ಮಂಡಲಿಗಳ ಅತ್ಯುನ್ನತ ಅಂಕವನ್ನು ಸಮನಾಗಿಸಿ ಹದಗೊಳಿಸುತ್ತಾರೆ: ರಾಜ್ಯ ಮಂಡಲಿಯಲ್ಲಿ ಮೊದಲಿಗನಿಗೆ 100, ಬೇರೆ ಮಂಡಲಿಯಲ್ಲಿ 95 ಎಂದಿದ್ದರೆ, ಆ ಮಂಡಲಿಯ 76 ಅಂಕವು 80 ಎನಿಸುವುದು. ಕೂಡಿಸಿ ಗುಣಿಸಬಲ್ಲ ಯಾವ ತಂದೆಯೂ ಇದನ್ನು ಮನೆಯಲ್ಲಿ ಕುಳಿತು ಪರೀಕ್ಷಿಸಬಹುದು. ಮೊದಲಿಗನೊಬ್ಬನ ಅಂಕದ ಮೇಲೆ ಎಲ್ಲರ ಭಾರವನ್ನೂ ಹೊರಿಸುವುದು ಇದರ ದೋಷವಾದರೂ ಸರಳತೆಯು ಇದರ ಗುಣ.

ಕೇರಳದ ನಿದರ್ಶನವು ಇನ್ನೂ ಬೋಧಪ್ರದವಾದುದು. ಅಲ್ಲಿ ಸರಾಸರಿ ಮತ್ತು ಹರಹುಗಳನ್ನು ಹಿಡಿದು ಹದಗೊಳಿಸುವ ಕ್ರಮವಿದ್ದಿತು. ಇದರಿಂದ ತಮಗೆ ನಷ್ಟವಾಗುತ್ತಿದೆಯೆಂದು ರಾಜ್ಯ ಪಠ್ಯಕ್ರಮದ ವಿದ್ಯಾರ್ಥಿಗಳ ದೂರು. ಸರಕಾರವು ಆ ದೂರನ್ನು ಕೇಳಿ ಸೂತ್ರವನ್ನು ಬದಲಿಸಿತು. ಆದರೆ ಬದಲಿಸಿದುದು 2025ರ ಜುಲೈ 1ರಂದು, ಫಲಿತಾಂಶವು ಪ್ರಕಟವಾದ ದಿನವೇ! ಜುಲೈ 9ರಂದು ಅಲ್ಲಿನ ಹೈಕೋರ್ಟು ಅದನ್ನು ರದ್ದುಪಡಿಸಿತು. ಮರುದಿನ ವಿಭಾಗೀಯ ಪೀಠವೂ ಅದನ್ನೇ ಎತ್ತಿಹಿಡಿಯಿತು. ಹಳೆಯ ಸೂತ್ರದಂತೆ ಪಟ್ಟಿಯನ್ನು ಮತ್ತೆ ಸಿದ್ಧಪಡಿಸಬೇಕಾಯಿತು. ಒಮ್ಮೆ ಮೇಲೇರಿದವರು ಹತ್ತೇ ದಿನದಲ್ಲಿ ಕೆಳಗಿಳಿದರು. ಉದ್ದೇಶವು ಒಳ್ಳೆಯದಾಗಿದ್ದಿರಬಹುದು, ಆದರೆ ವೇಳೆ ತಪ್ಪಿದ ನ್ಯಾಯವು ಯಾರ ನ್ಯಾಯವನ್ನು ಸರಿಪಡಿಸಹೊರಟಿತೋ ಅವರಿಗೇ ಹೆಚ್ಚು ನೋವನ್ನುಂಟುಮಾಡಿತು.

ಅನಿರೀಕ್ಷಿತ ಸಂದರ್ಭಗಳಿಗೆ ನಿಯಮವನ್ನು ಮೊದಲೇ ಬರೆದಿಡುವುದು ಹೇಗೆ ಎಂದು ಅಧಿಕಾರಿವರ್ಗದವರು ಕೇಳಬಹುದು. ನಮ್ಮ ಉತ್ತರವಿಷ್ಟೆ: ಪರೀಕ್ಷೆ ರದ್ದಾಗುವುದು, ಪ್ರಶ್ನೆಗಳು ತಪ್ಪಾಗುವುದು, ಹಿಂದಿನ ವರ್ಷದವರು ಮರಳಿ ಬರುವುದು, ಇವು ಮೂರನ್ನೂ ನಾವು ಕಂಡಾಗಿದೆ. ಕಂಡ ಮೇಲೂ ಅವು ಅನಿರೀಕ್ಷಿತಗಳೆಂದು ಕರೆಯಿಸಿಕೊಳ್ಳಲಾರವು. 2024ರಿಂದ ದ್ವಿತೀಯ ಪಿಯುಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳು ನಡೆಯತೊಡಗಿರುವಾಗ, ಒಂದು ಪ್ರಶ್ನಪತ್ರಿಕೆಯ 90 ಇನ್ನೊಂದರ 90ಕ್ಕೆ ಸಮವೇ ಎಂಬ ಪ್ರಶ್ನೆಯು ಇಂದಲ್ಲ ನಾಳೆ ಏಳದಿರದು.

ಆದುದರಿಂದ ಸರಕಾರದವರಲ್ಲಿ ನಮ್ಮ ಬಿನ್ನಹವು ಮೂರು. ಮೊದಲನೆಯದಾಗಿ, ಅಂಕಗಳನ್ನು ಹೇಗೆ ಕೂಡಿಸಲಾಗುವುದು, ಬೇರೆ ಬೇರೆ ಮಂಡಲಿಗಳ, ಬೇರೆ ಬೇರೆ ವರ್ಷಗಳ, ಬೇರೆ ಬೇರೆ ಪ್ರಶ್ನಪತ್ರಿಕೆಗಳ ಭೇದವನ್ನು ಹೇಗೆ ಸರಿದೂಗಿಸಲಾಗುವುದು ಎಂಬ ನಿಯಮವನ್ನು ಉದಾಹರಣೆಯ ಲೆಕ್ಕಸಹಿತವಾಗಿ, ತಿಳಿಗನ್ನಡದಲ್ಲಿ, ಶಾಲಾವರ್ಷದ ಆರಂಭಕ್ಕೇ ಪ್ರಕಟಿಸತಕ್ಕದ್ದು. ಎರಡನೆಯದಾಗಿ, ಆ ನಿಯಮದಲ್ಲಿ ದೋಷ ಕಂಡರೆ ಮುಂದಿನ ವರ್ಷಕ್ಕೆ ತಿದ್ದತಕ್ಕದ್ದು. ಪರೀಕ್ಷೆ ನಡೆದ ವರ್ಷಕ್ಕೆ ತಿದ್ದತಕ್ಕದ್ದಲ್ಲ. ಮೂರನೆಯದಾಗಿ, ಫಲಿತಾಂಶದೊಡನೆ ಪ್ರತಿಯೊಂದು ವಿಷಯದ ಸರಾಸರಿಯನ್ನೂ ಹರಹನ್ನೂ ಸಾರ್ವಜನಿಕರ ಮುಂದಿಡತಕ್ಕದ್ದು. ಹದಗೊಳಿಸಿದಲ್ಲಿ ವಿದ್ಯಾರ್ಥಿಯ ಮೂಲ ಅಂಕವನ್ನೂ ಪರಿವರ್ತಿತ ಅಂಕವನ್ನೂ ಒಂದೇ ಹಾಳೆಯಲ್ಲಿ ತೋರಿಸತಕ್ಕದ್ದು. ಇದಕ್ಕೆ ಹೆಚ್ಚಿನ ಹಣವೇನೂ ಬೇಡ, ಬೇಕಾದುದು ಸಂಕಲ್ಪವೊಂದೇ.

ಪರರ ಆಳಿಕೆಯಲ್ಲಿ ದೊರೆತನವು ಕಾರಣವನ್ನು ಹೇಳದೆ ಆಜ್ಞೆಯನ್ನು ಮಾತ್ರ ಹೊರಡಿಸುತ್ತಿದ್ದಿತು, ಪ್ರಜೆಗಳು ತಲೆಬಾಗುತ್ತಿದ್ದರು. ಸ್ವರಾಜ್ಯದ ಹೆಗ್ಗಳಿಕೆಯೇ ಆಜ್ಞೆಗಿಂತ ಮುಂಚೆ ಕಾರಣವು ಬರುವುದರಲ್ಲಿದೆ. ಹದಿನೆಂಟು ವರ್ಷದ ವಿದ್ಯಾರ್ಥಿಗೆ ರಾಜ್ಯಾಡಳಿತದ ಮೊದಲ ಪರಿಚಯವಾಗುವುದು ಹೆಚ್ಚಾಗಿ ಈ ರ‍್ಯಾಂಕುಪಟ್ಟಿಯಿಂದಲೇ. ಸೋತರೂ ಸರಿಯಾದ ಕೊಳಗದಲ್ಲಿ ಅಳೆದರೆಂಬ ಸಮಾಧಾನವು ಅವನಿಗಿರಲಿ. ಗೆದ್ದವನಿಗೂ ನಾಳೆ ತನ್ನ ಗೆಲುವನ್ನು ಯಾರೂ ಕಸಿಯರೆಂಬ ಧೈರ್ಯವಿರಲಿ. ಮುಂದಿನ ಪ್ರವೇಶದ ಕಾಲವು ಬರುವ ಮುನ್ನವೇ ಸರಕಾರವು ಈ ಕಡೆಗೆ ಲಕ್ಷ್ಯ ಕೊಡುವುದೆಂದು ನಾವು ನಿರೀಕ್ಷಿಸುತ್ತೇವೆ.